ಕಾಯ್ದೆಯ ಕರಡಿನಲ್ಲಿ ನಮ್ಮ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ರಾಜ್ಯದ ವಿಧಾನಮಂಡಲ ಮಾಡುವ ಕಾಯ್ದೆಗಳಿಂದ ಜನರ ಸ್ವಾತಂತ್ರ್ಯಕ್ಕೆ ಧಕ್ಕೆ ಬರಬಾರದೆಂದು ಬಯಸುವ ಸಾಮಾನ್ಯ ನಾಗರಿಕರು ಏನು ಮಾಡಬಹುದು ಎಂಬುದೇ ಆ ವಿಷಯ. ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಶಿವಮೊಗ್ಗದಲ್ಲಿ ಬಹುಕಾಲ ವಕೀಲಿ ಮಾಡಿದ ಅನುಭವದ ಮೇಲೆ ಇವುಗಳಿಗೆ ಮಾತ್ರ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾವು ಹತ್ತು ಹನ್ನೆರಡು ಜನ ಪ್ರತಿ ಭಾನುವಾರ ಗ್ರಂಥಾಲಯದಲ್ಲಿ ಸೇರಿ ಪತ್ರಿಕೆಗಳನ್ನು ಓದಿ ಚರ್ಚಿಸುತ್ತೇವೆ. ಮಸೂದೆ ಮಂಡನೆಯಾದ ಸುದ್ದಿ ಒಂದು ದಿನ ಬಂದರೆ, ಅಂಗೀಕಾರವಾದ ಸುದ್ದಿ ಮರುದಿನವೋ ಅದರ ಮಾರನೆಯ ದಿನವೋ ಬಂದಿರುತ್ತದೆ. ಈ ನಡುವೆ ನಮ್ಮಂಥವರು ಮಾತು ಹೇಳಲು ಜಾಗ ಎಲ್ಲಿದೆ?
– ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಜಾಗ ಕಿರಿದು, ಆದರೆ ಇದೆ. ಅದು ಹೆಚ್ಚಾಗಿ ಇರುವುದು ಮಸೂದೆ ಸದನಕ್ಕೆ ಬರುವುದಕ್ಕೆ ಮೊದಲು. ಸಂಬಂಧಪಟ್ಟ ಇಲಾಖೆ ಕರಡು ಸಿದ್ಧಪಡಿಸುತ್ತದೆ, ಕಾನೂನು ಇಲಾಖೆ ಅದನ್ನು ಪರಿಶೀಲಿಸುತ್ತದೆ, ಸಚಿವ ಸಂಪುಟ ಒಪ್ಪುತ್ತದೆ, ಆಮೇಲೆ ಮಂಡನೆ, ಪರ್ಯಾಲೋಚನೆ, ಖಂಡವಾರು ಅಂದರೆ ಒಂದೊಂದು ಕಲಮಿನ ಪರಿಶೀಲನೆ ಮತ್ತು ಅಂಗೀಕಾರ ನಡೆಯುತ್ತವೆ. ಕೇಂದ್ರ ಸರ್ಕಾರ 2014ರಲ್ಲಿ ಒಂದು ನೀತಿಯನ್ನು ಒಪ್ಪಿಕೊಂಡು, ಕರಡು ಮಸೂದೆಯನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಪಡೆಯಬೇಕೆಂದು ತನ್ನ ಸಚಿವಾಲಯಗಳಿಗೆ ಸೂಚಿಸಿತು. ಆದರೆ ಅದು ರಾಜ್ಯಗಳನ್ನು ಕಟ್ಟಿಹಾಕುವುದಿಲ್ಲ. ರಾಜ್ಯದಲ್ಲೂ ಇಂಥ ಕಡ್ಡಾಯ ಇರಬೇಕು ಎಂಬುದು ನಾಗರಿಕ ಸ್ವಾತಂತ್ರ್ಯದ ಪರವಾಗಿ ಕೆಲಸ ಮಾಡುವವರ ಮೊದಲ ಬೇಡಿಕೆಯಾಗಬೇಕೆಂದು ನಾನು ನಂಬಿದ್ದೇನೆ, ಏಕೆಂದರೆ ಯಾವ ಕಾಯ್ದೆಯ ಬಗ್ಗೆ ಮಾತಾಡಬೇಕಾದರೂ ಅದರ ಪ್ರತಿ ಮೊದಲು ಕೈಗೆ ಬರಬೇಕು.

2025ರ ಜೂನ್‌ನಲ್ಲಿ ಸುಳ್ಳು ಸುದ್ದಿ ತಡೆಗೆಂದು ರಾಜ್ಯದಲ್ಲಿ ಸಿದ್ಧವಾಗುತ್ತಿದ್ದ ಕರಡು ಬೆಳಕಿಗೆ ಬಂದುದು ನಿಮಗೆ ನೆನಪಿರಬಹುದು. ಏಳು ವರ್ಷದವರೆಗಿನ ಸೆರೆವಾಸದ ಪ್ರಸ್ತಾವ ಅದರಲ್ಲಿತ್ತು. ಸದನಕ್ಕೆ ಬರುವ ಮೊದಲೇ ವಕೀಲರು, ಪತ್ರಕರ್ತರು ಮತ್ತು ಹಕ್ಕುಗಳ ಸಂಘಟನೆಗಳು ಅದರ ಪದಗಳನ್ನು ಒಂದೊಂದಾಗಿ ಹಿಡಿದು ಆಕ್ಷೇಪಿಸಿದವು. ಮಾತು ಹೇಳಲು ಸರಿಯಾದ ಹೊತ್ತು ಎಂದರೆ ಅದು.

ಇನ್ನು ಮೇಲ್ಮನೆಯಾದ ವಿಧಾನ ಪರಿಷತ್ತನ್ನು ಮರೆಯಬೇಡಿ. 2021ರ ಡಿಸೆಂಬರ್‌ನಲ್ಲಿ ವಿಧಾನಸಭೆ ಅಂಗೀಕರಿಸಿದ ಮತಾಂತರ ಕುರಿತ ಮಸೂದೆ ಪರಿಷತ್ತಿನಲ್ಲಿ ಅಂಗೀಕಾರವಾದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ ಮೇ ತಿಂಗಳಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಆ ಕಾಯ್ದೆಯ ಒಳಿತು ಕೆಡುಕಿನ ಚರ್ಚೆಯನ್ನು ನಾನು ಇಲ್ಲಿ ಎತ್ತುತ್ತಿಲ್ಲ. ಪರವಾಗಿದ್ದವರಿಗೂ ವಿರೋಧವಿದ್ದವರಿಗೂ ಪರಿಷತ್ತಿನ ಸದಸ್ಯರಿಗೆ ಬರೆಯಲು ಒಂಬತ್ತು ತಿಂಗಳ ಅವಕಾಶವಿತ್ತು ಎಂಬುದಷ್ಟೇ ನನ್ನ ಮಾತು. ಪರಿಷತ್ತಿಗೆ ಮಸೂದೆಯನ್ನು ಶಾಶ್ವತವಾಗಿ ತಡೆಯುವ ಅಧಿಕಾರವಿಲ್ಲ. ಮೊದಲ ಸಲ ಮೂರು ತಿಂಗಳು ಕಳೆದರೆ ಅಥವಾ ಅದು ತಿರಸ್ಕರಿಸಿದರೆ, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಬಹುದು, ಎರಡನೆಯ ಸಲ ಒಂದೇ ತಿಂಗಳ ತಡೆ. ಆದರೂ ಆ ತಿಂಗಳುಗಳು ನಾಗರಿಕರ ಪಾಲಿಗೆ ದೊಡ್ಡವು.

ಸುಗ್ರೀವಾಜ್ಞೆ ಬಂದಾಗ ಮಾತ್ರ ಹೊತ್ತು ಕಳೆಯಬಾರದು. ಸದನ ಮತ್ತೆ ಸೇರಿದ ಆರು ವಾರಗಳೊಳಗೆ ಅದರ ಜಾಗದಲ್ಲಿ ಮಸೂದೆ ಬಂದು ಅಂಗೀಕಾರವಾಗಲೇಬೇಕು, ಇಲ್ಲವಾದರೆ ಅದು ಅಸ್ತಿತ್ವ ಕಳೆದುಕೊಳ್ಳುತ್ತದೆ. ಸುಗ್ರೀವಾಜ್ಞೆಯ ಪಠ್ಯ ರಾಜ್ಯಪತ್ರದಲ್ಲಿ ಪ್ರಕಟವಾಗಿರುವುದರಿಂದ, ಅಧಿವೇಶನದ ದಿನಾಂಕ ತಿಳಿದ ಕೂಡಲೇ ನಿಮ್ಮ ತಿದ್ದುಪಡಿ ಸಲಹೆ ಸಿದ್ಧವಾಗಿರಬೇಕು.

ಪ್ರಶ್ನೆ: ನಾಲ್ಕು ಎಕರೆ ಅಡಿಕೆ ತೋಟದ ಪಕ್ಕದಲ್ಲಿ ನಮ್ಮ ಅಜ್ಜನ ಕಾಲದಿಂದ ಉಳುಮೆ ಮಾಡುತ್ತಿರುವ ಸ್ವಲ್ಪ ಸರ್ಕಾರಿ ಜಮೀನಿದೆ. ಬಗರ್ ಹುಕುಂ ಸಕ್ರಮಕ್ಕೆ, ಅಂದರೆ ಮಂಜೂರಾತಿಯಿಲ್ಲದ ಸಾಗುವಳಿಯನ್ನು ಕ್ರಮಬದ್ಧಗೊಳಿಸಲು, ಅರ್ಜಿಯೂ ಹಾಕಿದ್ದೇವೆ. ಕೆಲವು ವರ್ಷಗಳ ಹಿಂದೆ ಭೂ ಕಬಳಿಕೆ ಎಂಬ ಹೆಸರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯಕ್ಕೆ ಬರುವಂತೆ ನೋಟಿಸು ಬಂದಾಗ ನನ್ನ ತಂದೆಯವರು ಎರಡು ದಿನ ಊಟ ಬಿಟ್ಟಿದ್ದರು. ನಾವು ಕಬಳಿಕೆದಾರರೇ?
– ಕೃಷಿಕರು, ಸಾಗರ ತಾಲ್ಲೂಕು

ಉತ್ತರ: ನಿಮ್ಮ ತಂದೆಯವರ ಸಂಕಟ ನನಗೆ ಅರ್ಥವಾಗುತ್ತದೆ, ಏಕೆಂದರೆ ಅಂಥ ನೋಟಿಸು ಹಿಡಿದು ನನ್ನ ಕಚೇರಿಯ ಬೆಂಚಿನ ಮೇಲೆ ಮಾತಿಲ್ಲದೆ ಕುಳಿತ ಹಿರಿಯರನ್ನು ನಾನು ಕಂಡಿದ್ದೇನೆ. ನಿಮ್ಮ ಪ್ರಕರಣದ ಕಾಗದಗಳನ್ನು ನೋಡದೆ ಅದರ ಬಗ್ಗೆ ಹೇಳುವುದು ತಪ್ಪಾಗುತ್ತದೆ. ಅವುಗಳನ್ನು ನಿಮ್ಮ ವಕೀಲರಿಗೆ ತೋರಿಸಿ. ಆದರೆ ಈ ಕಾಯ್ದೆ ನಿಮ್ಮ ಮನೆಯ ಬಾಗಿಲಿಗೆ ಹೇಗೆ ಬಂತು ಎಂಬುದನ್ನು ಎಲ್ಲ ಓದುಗರೂ ತಿಳಿಯಬೇಕು.

ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನುಗಳ ಒತ್ತುವರಿಯನ್ನು ಆಗ ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯ ಸದನ ಸಮಿತಿ ಬಯಲಿಗೆಳೆದ ಹಿನ್ನೆಲೆಯಲ್ಲಿ 2011ರ ಕರ್ನಾಟಕ ಭೂ ಕಬಳಿಕೆ ನಿಷೇಧ ಕಾಯ್ದೆ ಹುಟ್ಟಿತು. ಉದ್ದೇಶ ನ್ಯಾಯವಾದದ್ದು. ಕೆರೆ ನುಂಗಿ ಬಡಾವಣೆ ಕಟ್ಟುವವರಿಗೆ ಶಿಕ್ಷೆಯಾಗಲೇಬೇಕು. ಆದರೆ ಕಾನೂನುಬದ್ಧ ಹಕ್ಕಿಲ್ಲದೆ ಸರ್ಕಾರಿ ಜಮೀನನ್ನು ಹಿಡಿದುಕೊಳ್ಳುವವರು ಎಂಬ ಅಗಲವಾದ ಮಾತಿನೊಳಗೆ, ಕೋಟಿಗಟ್ಟಲೆ ಬೆಲೆಯ ನಿವೇಶನ ಮಾಡಿದವನೂ ಸೇರಿಕೊಂಡ, ಸಕ್ರಮದ ಅರ್ಜಿ ಹಾಕಿ ಕಾಯುತ್ತಿರುವ ಮಲೆನಾಡಿನ ಸಾಗುವಳಿದಾರನೂ ಸೇರಿಕೊಂಡ. ಒಂದೆಡೆ ಸರ್ಕಾರವೇ ನಮೂನೆ 50, 53, 57 ಎಂದು ಸಕ್ರಮದ ಅರ್ಜಿ ಕರೆದಿತ್ತು. ಇನ್ನೊಂದೆಡೆ ಅದೇ ಉಳುಮೆಗೆ ಸೆರೆವಾಸದ ಭಯವಿತ್ತು. ಹಿಡಿದ ಜಮೀನಿನ ಉದ್ದೇಶ, ವಿಸ್ತೀರ್ಣ, ಬಾಕಿ ಇರುವ ಅರ್ಜಿ ಇವುಗಳನ್ನು ಕರಡಿನ ಹಂತದಲ್ಲೇ, ಪದಗಳ ಅರ್ಥ ಹೇಳುವ ಪರಿಭಾಷೆಯ ಖಂಡದಲ್ಲಿ ಬೇರ್ಪಡಿಸಿ ಬರೆದಿದ್ದರೆ ನಿಮ್ಮ ತಂದೆಯವರು ಊಟ ಬಿಡಬೇಕಾಗಿರಲಿಲ್ಲ. ಮಲೆನಾಡಿನ ರೈತರು ದನಿಯೆತ್ತಿದ ಮೇಲೆ ಈ ಪ್ರಶ್ನೆ ಸದನದಲ್ಲೂ ಕೇಳಿಬಂತು. ಆದರೆ ಅಷ್ಟರಲ್ಲಿ ಬಡವರು ಬಸ್ಸಿನ ಖರ್ಚಿಗೂ ವಕೀಲರ ಖರ್ಚಿಗೂ ಸಾಲ ಮಾಡಿದ್ದರು.

ನಿಮ್ಮದೇ ತಾಲ್ಲೂಕಿನ ಒಂದು ಹಳೆಯ ಮಾತು ಹೇಳುತ್ತೇನೆ. ಕಾಗೋಡಿನ ಕಡೆಯ ಒಂದು ಮನೆಯಲ್ಲಿ ಅಟ್ಟದಿಂದ ಇಳಿಸಿದ ಎರಡು ಕೊಳಗಗಳನ್ನು ನನಗೊಮ್ಮೆ ತೋರಿಸಿದ್ದರು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಎನ್ನಿಸುತ್ತಿದ್ದವು. ಮನೆಯ ಅಜ್ಜಿ ದೊಡ್ಡದರಲ್ಲಿ ಭತ್ತ ತುಂಬಿ, ಅಂಚಿನ ಮಟ್ಟಕ್ಕೆ ಅಂಗೈಯಿಂದ ಸವರಿ, ಸಣ್ಣದಕ್ಕೆ ಸುರಿದರು. ಸಣ್ಣದು ತುಂಬಿ, ಉಳಿದ ಭತ್ತ ನೆಲಕ್ಕೆ ಚೆಲ್ಲಿತು. ಗೇಣಿ ಅಳೆಯುವ ಕೊಳಗ ದೊಡ್ಡದಾಗಿದ್ದುದೇ 1951ರ ಕಾಗೋಡು ಸತ್ಯಾಗ್ರಹದ ಕಾರಣಗಳಲ್ಲೊಂದು. ಅಳತೆ ಸರಿಯಾಗಲಿ ಎಂದು ಗೇಣಿದಾರರು ಕೇಳಿದರು; ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು; ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸಕರಾಗಿ ಅದೇ ಮಾತನ್ನು ಸದನಕ್ಕೆ ಒಯ್ದರು. ಗೇಣಿ ಪದ್ಧತಿಯನ್ನು ಕೊನೆಗಾಣಿಸಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬರಲು 1974ರವರೆಗೆ ಕಾಯಬೇಕಾಯಿತು. ಕಾಯ್ದೆಯ ಪರಿಭಾಷೆಯ ಖಂಡವನ್ನು ಓದುವಾಗಲೆಲ್ಲ ನನಗೆ ಆ ಅಜ್ಜಿಯ ಅಂಗೈ ನೆನಪಾಗುತ್ತದೆ.

ಪ್ರಶ್ನೆ: ಮಸೂದೆಯ ಪ್ರತಿ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಕಾನೂನು ಓದದ ನಾವು ಅದರಲ್ಲಿ ಏನನ್ನು ಹುಡುಕಬೇಕು?
– ಸ್ವಸಹಾಯ ಸಂಘದ ಸದಸ್ಯೆ, ಹೊಸನಗರ

ಉತ್ತರ: ಮಸೂದೆಯ ಕೊನೆಗಿರುವ ಉದ್ದೇಶ ಮತ್ತು ಕಾರಣಗಳ ಹೇಳಿಕೆಯನ್ನು ಮೊದಲು ಓದಿ, ಆಮೇಲೆ ಪರಿಭಾಷೆಗೆ ಬನ್ನಿ, ಹೇಳಿಕೆಯಲ್ಲಿ ಹೇಳಿದ ಕೇಡಿಗಿಂತ ಪರಿಭಾಷೆ ಅಗಲವಾಗಿದ್ದರೆ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ‘ಯಾವುದೇ’, ‘ಸಾಧ್ಯತೆಯುಳ್ಳ’, ‘ಇತರ ರೀತಿಯಲ್ಲಿ’ ಎಂಬ ಪದಗಳು ಕಂಡಲ್ಲಿ ನಿಲ್ಲಿ. ಅಪರಾಧವನ್ನು ಸಂಜ್ಞೇಯ ಮತ್ತು ಜಾಮೀನುರಹಿತ ಎಂದು ಕರೆದಿದ್ದರೆ, ವಾರಂಟ್ ಇಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಾಗಿ ಸಿಗುವುದಿಲ್ಲ ಎಂದು ಅರ್ಥ. ‘ನಿಯಮಿಸಬಹುದಾದಂತೆ’ ಎಂದಿದ್ದರೆ, ಮುಖ್ಯ ಸಂಗತಿಯನ್ನು ಸದನ ತೀರ್ಮಾನಿಸದೆ ಮುಂದೆ ಇಲಾಖೆ ಮಾಡುವ ನಿಯಮಕ್ಕೆ ಬಿಟ್ಟಿದೆಯೇ ಎಂದು ನೋಡಬೇಕು.

ಒಂದು ಉದಾಹರಣೆ ಕೊಡುತ್ತೇನೆ. ‘ಸಾರ್ವಜನಿಕ ನೆಮ್ಮದಿಗೆ ಭಂಗ ತರುವ ಸಾಧ್ಯತೆಯುಳ್ಳ ಯಾವುದೇ ಮಾತು’ ಅಪರಾಧ ಎಂದು ಒಂದು ಕರಡಿನಲ್ಲಿ ಇದೆಯೆಂದು ಭಾವಿಸಿ. ನಿಮ್ಮ ಸಂಘದವರು ಮದ್ಯದ ಅಂಗಡಿ ಬೇಡವೆಂದು ಕೂಗಿದರೆ ಯಾರದಾದರೂ ನೆಮ್ಮದಿ ಕೆಡುತ್ತದೆ. ಹಾಗಾದರೆ ನೀವೂ ಅಪರಾಧಿಗಳು. ಅದೇ ಜಾಗದಲ್ಲಿ ‘ಹಿಂಸೆಯನ್ನು ಉಂಟುಮಾಡುವ ಉದ್ದೇಶದಿಂದ ನೇರವಾಗಿ ಪ್ರಚೋದಿಸುವ ಮಾತು’ ಎಂದು ಬರೆದರೆ ನಿಜವಾದ ಕೇಡಿಗರು ಸಿಕ್ಕಿಬೀಳುತ್ತಾರೆ, ನೀವು ಹೊರಗುಳಿಯುತ್ತೀರಿ. ಅಂತರ್ಜಾಲದಲ್ಲಿ ಆಡುವ ಮಾತನ್ನು ಅಪರಾಧವಾಗಿಸಬಹುದಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿದಾಗ ಎತ್ತಿ ತೋರಿದ್ದು ಈ ವ್ಯತ್ಯಾಸವನ್ನೇ: ಚರ್ಚೆ ಮತ್ತು ಪ್ರತಿಪಾದನೆ ಒಂದು, ಪ್ರಚೋದನೆ ಬೇರೆ. ‘ಈ ಕಾಯ್ದೆ ಬೇಡ’ ಎಂಬ ಒಂದು ಸಾಲಿನ ಪತ್ರಕ್ಕಿಂತ, ಖಂಡದ ಸಂಖ್ಯೆ, ಈಗಿರುವ ಪದ, ಇರಬೇಕಾದ ಪದ ಮತ್ತು ನಿಮ್ಮ ಊರಿನ ಒಂದು ನಿದರ್ಶನ ಇರುವ ಪತ್ರವನ್ನು ಶಾಸಕರು ಸದನದಲ್ಲಿ ಎದ್ದು ನಿಂತು ಹಾಗೆಯೇ ಓದಬಲ್ಲರು.

ಪ್ರಶ್ನೆ: ಹಕ್ಕುಗಳ ಬಗ್ಗೆ ಮಾತಾಡುವವರೆಲ್ಲ ಗೂಂಡಾಗಳ ಪರ ಎಂದು ನಮ್ಮ ಕಡೆ ಹೇಳುತ್ತಾರೆ. ಗೂಂಡಾ ಕಾಯ್ದೆಯಂಥ ಕಠಿಣ ಕಾನೂನು ಇಲ್ಲದಿದ್ದರೆ ಸಜ್ಜನರು ಬದುಕುವುದು ಹೇಗೆ?
– ಅಂಗಡಿ ಮಾಲೀಕರು, ಶಿವಮೊಗ್ಗ

ಉತ್ತರ: ಗಲಭೆಯ ದಿನ ಅಂಗಡಿಯ ಶಟರ್ ಎಳೆದು ಮನೆಗೆ ಓಡಿದವರಿಗೆ ಈ ಪ್ರಶ್ನೆ ಕೇಳುವ ಹಕ್ಕು ಖಂಡಿತ ಇದೆ, ಅದನ್ನು ಹಗುರಾಗಿ ನೋಡುವವನು ನಾನಲ್ಲ. ಆದರೆ 1985ರ ಆ ಕಾಯ್ದೆ ಏನು ಮಾಡುತ್ತದೆ ಎಂಬುದನ್ನು ನಿಧಾನವಾಗಿ ಗಮನಿಸಿ. ಅದು ಮಾಡಿದ ಅಪರಾಧಕ್ಕೆ ಕೊಡುವ ಶಿಕ್ಷೆಯಲ್ಲ, ಮುಂದೆ ಮಾಡಬಹುದೆಂಬ ಅಂದಾಜಿನ ಮೇಲೆ, ವಿಚಾರಣೆಯಿಲ್ಲದೆ, 12 ತಿಂಗಳವರೆಗೆ ಇಡುವ ಬಂಧನ. ಕಾಯ್ದೆ ಬಂದಾಗ ಅದರ ಹೆಸರಿನಲ್ಲಿದ್ದವರು ಕಳ್ಳಭಟ್ಟಿಯವರು, ಮಾದಕವಸ್ತು ಅಪರಾಧಿಗಳು, ಜೂಜುಕೋರರು, ಗೂಂಡಾಗಳು ಮುಂತಾದವರು. 2014ರ ತಿದ್ದುಪಡಿಯಲ್ಲಿ ಆಸಿಡ್ ದಾಳಿಕೋರರು, ಪರಿಸರ ಹಾನಿ ಮಾಡುವವರು, ಡಿಜಿಟಲ್ ಅಪರಾಧಿಗಳು, ಭೂಗಳ್ಳರು, ಹಾಡು ಸಿನಿಮಾಗಳನ್ನು ನಕಲು ಮಾಡುವವರವರೆಗೆ ಪಟ್ಟಿ ಬೆಳೆಯಿತು. ಇವರಲ್ಲಿ ಆಸಿಡ್ ಎರಚುವವನ ಬಗ್ಗೆ ಯಾರಿಗೂ ಕನಿಕರವಿಲ್ಲ. ಆದರೆ ಹಾಡಿನ ನಕಲು ಮಾಡಿದ ಹುಡುಗನನ್ನೂ ವಿಚಾರಣೆಯಿಲ್ಲದೆ ವರ್ಷವಿಡೀ ಕೂಡಿಡಬಹುದಾದ ಅಧಿಕಾರವನ್ನು ಸದನ ಕೊಡುವಾಗ ಎಷ್ಟು ಹೊತ್ತು ಚರ್ಚಿಸಬೇಕು? ಇಂದು ನಿಮ್ಮ ಮೆಚ್ಚಿನ ಸರ್ಕಾರದ ಕೈಯಲ್ಲಿರುವ ಕಾಯ್ದೆ ನಾಳೆ ಮೆಚ್ಚದವರ ಕೈಗೂ ಹೋಗುತ್ತದೆ. ಬಂಧಿತನಿಗೆ ಕಾರಣ ಅವನ ಭಾಷೆಯಲ್ಲಿ ತಿಳಿಯಲಿ, ಬಂಧನ ಸರಿಯೇ ಎಂದು ನೋಡುವ ಸಲಹಾ ಮಂಡಳಿಯ ಮುಂದೆ ಅವನ ಮಾತು ಬೇಗ ಕೇಳಿಸಲಿ, ಸಾಮಾನ್ಯ ದಂಡ ಕಾನೂನು ಸಾಕಾಗುವಲ್ಲಿ ಈ ಕಾಯ್ದೆ ಬಳಸದಿರಲಿ ಎಂದು ಕೇಳುವುದು ಗೂಂಡಾಗಳ ಪರ ನಿಲ್ಲುವುದಲ್ಲ.

ನಿಷೇಧಾಜ್ಞೆಯ ವಿಷಯದಲ್ಲೂ ಹೀಗೆಯೇ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೊರಡಿಸಿದ್ದ 144ನೇ ಕಲಮಿನ ಆದೇಶವನ್ನು ನಮ್ಮ ಹೈಕೋರ್ಟ್ 2020ರ ಫೆಬ್ರುವರಿಯಲ್ಲಿ ಕಾನೂನುಬಾಹಿರವೆಂದು ತೀರ್ಮಾನಿಸಿತು. ಆದರೆ ಆ ತೀರ್ಪು ಬರುವ ಹೊತ್ತಿಗೆ ಆದೇಶದ ದಿನಗಳು ಮುಗಿದೇ ಹೋಗಿದ್ದವು.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮ ಪಂಚಾಯಿತಿಯ ನಿರ್ಣಯಕ್ಕೆ ವಿಧಾನಸೌಧದಲ್ಲಿ ಬೆಲೆ ಉಂಟೇ?
– ಸೊರಬ

ಉತ್ತರ: ನಿಮ್ಮ ನಿರ್ಣಯ ಸದನವನ್ನು ಕಟ್ಟಿಹಾಕುವುದಿಲ್ಲ, ಆದರೆ ನಿಮ್ಮ ಮತಕ್ಕೆ ನೇರವಾದ ಬೆಲೆಯಿದೆ. ಪರಿಷತ್ತಿನ 75 ಸದಸ್ಯರಲ್ಲಿ 25 ಜನ ಸ್ಥಳೀಯ ಸಂಸ್ಥೆಗಳಿಂದ ಆರಿಸಿ ಬರುವವರು, ಅವರಿಗೆ ಮತ ಹಾಕುವವರು ನಿಮ್ಮಂಥ ಸದಸ್ಯರೇ. ಪದವೀಧರರಿಗೂ ಶಿಕ್ಷಕರಿಗೂ ತಲಾ 7 ಸ್ಥಾನಗಳಿದ್ದು, ಶಿವಮೊಗ್ಗ ಜಿಲ್ಲೆ ಎರಡರಲ್ಲೂ ನೈಋತ್ಯ ಕ್ಷೇತ್ರಕ್ಕೆ ಸೇರುತ್ತದೆ. ತೀರ್ಥಹಳ್ಳಿಯ ಶಿಕ್ಷಕರು ಕೂಡ ಇದನ್ನು ಗಮನಿಸಲಿ. ಗುಂಡಿ ಬಿದ್ದ ರಸ್ತೆಗಾಗಿ ಈ ಸದಸ್ಯರನ್ನು ಹುಡುಕಿಕೊಂಡು ಹೋಗುವ ನಾವು, ಮಸೂದೆಯ ಖಂಡವೊಂದರ ಬಗ್ಗೆ ಅವರಲ್ಲಿಗೆ ಹೋದದ್ದು ತೀರ ಕಡಿಮೆ.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿನಿ, ಇನ್ನೂ ಮತದಾನದ ವಯಸ್ಸಾಗಿಲ್ಲ. ಇಂಗ್ಲಿಷಿನಲ್ಲಿ ಬರೆಯಲೂ ಅಳುಕು. ನಾನು ಬರೆದರೆ ತೆಗೆದುಕೊಳ್ಳುತ್ತಾರೆಯೇ?
– ಭದ್ರಾವತಿ

ಉತ್ತರ: ಮಗಳೇ, ಧಾರಾಳವಾಗಿ ಕನ್ನಡದಲ್ಲೇ ಬರೆ. ಸಂವಿಧಾನದ 350ನೇ ವಿಧಿ, ಕುಂದುಕೊರತೆಯ ಪರಿಹಾರಕ್ಕಾಗಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ‘ಪ್ರತಿಯೊಬ್ಬ ವ್ಯಕ್ತಿ’ಗೆ ಕೊಟ್ಟಿದೆ, ಮತದಾರರಿಗೆ ಮಾತ್ರ ಎಂದು ಹೇಳಿಲ್ಲ. ಕರಡು ಎಲ್ಲಿಯವರೆಗೆ ಬಂದಿದೆಯೆಂದು ತಿಳಿಯಬೇಕಾದರೆ ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ನಮ್ಮ ರಾಜ್ಯದ ನಿಯಮದಂತೆ ಅದು ಒಂದೇ ವಿಷಯದ ಬಗ್ಗೆ, 150 ಪದಗಳೊಳಗೆ ಇರಬೇಕು, ಉತ್ತರಕ್ಕೆ 30 ದಿನಗಳ ಗಡುವಿದೆ. ಸಂಪುಟದ ಮುಂದಿರುವ ಕಾಗದಗಳನ್ನು ತೀರ್ಮಾನವಾಗುವ ಮೊದಲು ಕೊಡುವುದಿಲ್ಲ ಎಂಬುದು ತಿಳಿದಿರಲಿ. ಮನವಿಯನ್ನು ನಿಮ್ಮ ಕ್ಷೇತ್ರದ ಶಾಸಕರಿಗೂ ಸಂಬಂಧಪಟ್ಟ ಇಲಾಖೆಯ ಕಾರ್ಯದರ್ಶಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀತಿಯನ್ನು ಪತ್ರದ ನಕಲಿಗೆ ಪಿನ್ ಮಾಡಿಟ್ಟುಕೋ. ಹದಿನೈದು ದಿನಗಳ ನಂತರ ಶಾಸಕರ ಕಚೇರಿಗೆ ಹೋಗಿ, ಆ ನಕಲನ್ನು ಮೇಜಿನ ಮೇಲಿಟ್ಟು, ಮಾಡಿದ ಕ್ರಮವೇನೆಂದು ಕೇಳು.