ಸೀಲರ್ ಹಚ್ಚಿದ ಮೇಲೂ ಮಾಳಿಗೆ ಸೋರುತ್ತಿದ್ದರೆ

ನಿಮ್ಮ ರಾಯಚೂರಿನ ಮನೆಯ ಮಾಳಿಗೆಗೆ ಸಿಲೇನ್-ಸಿಲೋಕ್ಸೇನ್ ಸೀಲರ್ (ನೀರು ತಡೆಯಲು ಹಚ್ಚುವ ದ್ರವ) ಹಚ್ಚಿಸಿದರೂ ಬಿರುಕಿನ ಗೆರೆಗುಂಟ ಸೋರುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಹಾಗಾದರೆ ತಪ್ಪು ಬಹುಶಃ ಸೀಲರಿನದಲ್ಲ. ಸಿಲೇನ್-ಸಿಲೋಕ್ಸೇನ್ ಸೀಲರ್ ಕಾಂಕ್ರೀಟಿನ ಸಣ್ಣ ತೂತುಗಳೊಳಗೆ ಇಳಿದು, ಕಾಂಕ್ರೀಟ್ ನೀರು ಹೀರದಂತೆ ಮಾಡುತ್ತದೆ, ಅಷ್ಟೆ. ಬಿರುಕು ಮುಚ್ಚುವುದಿಲ್ಲ. ನಿಂತ ನೀರಿಗೂ ಅದು ಮದ್ದಲ್ಲ.

ಇನ್ನೊಂದು ಅನುಮಾನ ಇದೆ. ಮೇ ತಿಂಗಳ ಮಧ್ಯಾಹ್ನ ಹಚ್ಚಿಸಿದ್ದೀರಿ. ರಾಯಚೂರಿನ ಆ ಬಿಸಿಲಿಗೆ ಸ್ಲ್ಯಾಬ್ ಕಾದ ಹಂಚಿನಂತಿರುತ್ತದೆ ಅಲ್ವಾ? ಸೀಲರ್ ಒಳಗಿಳಿಯುವ ಮೊದಲೇ ಆರಿಹೋಗಿರಬಹುದು.

ಬಿರುಕಿಲ್ಲದ ನಾಲ್ಕೈದು ಕಡೆ ಸ್ವಲ್ಪ ನೀರು ಚಿಮುಕಿಸಿ ನೋಡಿ. ಮುತ್ತಿನ ಹಾಗೆ ಹನಿ ನಿಂತರೆ ಸೀಲರ್ ಸರಿಯಿದೆ, ಸುಮ್ನೆ ಮತ್ತೆ ದುಡ್ಡು ಸುರಿಯಬೇಡಿ. ನೀರು ಹೀರಿ ಜಾಗ ಬೇಗ ಕಪ್ಪಾದರೆ ಮತ್ತೆ ಹಚ್ಚಬೇಕು.

ಆದರೆ ಮೊದಲು ಬಿರುಕು. ಉಳಿಯಿಂದ ಅಗಲ ಮಾಡಿ, ಸೀಲರ್ ತಾಗದ ಕಾಂಕ್ರೀಟ್ ಕಾಣುವವರೆಗೆ ಕೆತ್ತಿಸಿ. ಸೀಲರ್ ಕುಡಿದ ಮೇಲ್ಮೈಗೆ ಏನೂ ಸರಿಯಾಗಿ ಅಂಟುವುದಿಲ್ಲ, ಮೇಸ್ತ್ರಿಗಳು ಇದನ್ನೇ ಮರೆಯುತ್ತಾರೆ. ಧೂಳು ಊದಿ, ಪಿಯು (ಪಾಲಿಯುರೆಥೇನ್) ಸೀಲೆಂಟ್, ಅಂದರೆ ಬಿರುಕು ತುಂಬುವ ರಬ್ಬರಿನಂಥ ಅಂಟು, ತುಂಬಿಸಿ. ನೀರು ನಿಲ್ಲುವ ಜಾಗವಿದ್ದರೆ ಇಳಿಜಾರನ್ನೂ ಈಗಲೇ ಸರಿಮಾಡಿಸಿ. ಹೊಸ ಸಿಮೆಂಟ್ ಗಟ್ಟಿಯಾಗಲು 28 ದಿನ ಬಿಡಿ.

ಆಮೇಲೆ ಸೀಲರ್. ಎರಡು ದಿನ ಒಣಗಿದ ಮಾಳಿಗೆ, ಬೆಳಗಿನ ಜಾವ, ಮೊದಲ ಕೋಟ್ ಹಸಿಯಿರುವಾಗಲೇ ಎರಡನೆಯದು. ಡಬ್ಬಿಯ ಮೇಲೆ ಬೇರೆ ರೀತಿ ಬರೆದಿದ್ದರೆ ಅದರಂತೆ ಮಾಡಿ.