ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಕಣ್ಣಿನ ತಪಾಸಣೆಯ ಮೊದಲು ಮಾರ್ಫಿನ್ ಕೊಡಿಸುವುದು ಸುರಕ್ಷಿತವೇ?

29 ವಾರಕ್ಕೇ ಹುಟ್ಟಿದ ಮಗು ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ಆರ್‌ಒಪಿ ತಪಾಸಣೆ (ಅವಧಿಪೂರ್ವ ಶಿಶುಗಳಿಗೆ ಬರುವ, ಕಣ್ಣಿನ ಒಳಪರದೆಯಾದ ಅಕ್ಷಿಪಟಲದ ರೋಗಕ್ಕಾಗಿ ಮಾಡುವ ತಪಾಸಣೆ) ಹತ್ತಿರವಾಗಿದೆ, ಬಲವಾದ ನೋವುನಿವಾರಕವಾದ ಮಾರ್ಫಿನ್‌ಗೆ ಒತ್ತಾಯಿಸಲೇ ಎಂದು ಕೇಳಿದ್ದೀರಿ. ನನ್ನ ಮಗಳ ವಿಷಯದಲ್ಲಿ ನಾನೂ ಇದನ್ನೇ ಕೇಳಿದ್ದೆ. ಕೇಳಬೇಕಾದ ಪ್ರಶ್ನೆ ಇದಲ್ಲ.

ಮಾರ್ಫಿನ್‌ನಿಂದ ಉಸಿರಾಟಕ್ಕೆ ತೊಂದರೆಯಾಗಬಹುದು ಎಂದು ವೈದ್ಯರು ಹೇಳಿದಾಗ ನಾನು ಸುಮ್ಮನಾದೆ. ಅವರ ಮಾತು ಸರಿಯಾಗಿಯೇ ಇತ್ತು. ಆದರೆ "ಹಾಗಾದರೆ ಬೇರೇನು ಮಾಡುತ್ತೀರಿ?" ಎಂದು ನಾನು ಕೇಳಲಿಲ್ಲ. ಔಷಧಿ ಇಲ್ಲವೆಂದರೆ ಉಪಾಯವೇ ಇಲ್ಲವೆಂದು ತಿಳಿದು, ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವಾಗಲೆಲ್ಲ ನಾನಾಗಿಯೇ ಹೊರಗೆ ಹೋಗುತ್ತಿದ್ದೆ. ಹಿಂಡಿಟ್ಟ ಎದೆಹಾಲು ಪಕ್ಕದ ಫ್ರಿಜ್ಜಿನಲ್ಲೇ ಇರುತ್ತಿತ್ತು; ನೋವು ತಗ್ಗಲೆಂದು ಅದರ ಕೆಲವು ಹನಿಗಳನ್ನು ನಾಲಿಗೆಗೆ ಹಚ್ಚಿಸಬಹುದಿತ್ತು. ಕಾಂಗರೂ ಆರೈಕೆಗೆಂದು ದಿನವೂ ಮಗುವನ್ನು ಎದೆಗವಚಿಕೊಳ್ಳುತ್ತಿದ್ದವಳು ಆ ಹೊತ್ತಿನಲ್ಲೇ ರಕ್ತ ತೆಗೆಯಿರೆಂದು ಕೇಳಿಕೊಳ್ಳಬಹುದಿತ್ತು. ಒಮ್ಮೆ ಗಾಜಿನಾಚೆಯಿಂದ ನೋಡಿದೆ: ರಕ್ತ ಸಾಲದೆಂದು ನರ್ಸ್ ಹಿಮ್ಮಡಿಯನ್ನು ಮತ್ತೆ ಮತ್ತೆ ಹಿಂಡುತ್ತಿದ್ದರು, ಮಗುವಿನ ಬೆರಳುಗಳೆಲ್ಲ ಸೆಟೆದು ಅಗಲವಾಗಿದ್ದವು, ಮಾನಿಟರಿನಲ್ಲಿ ಆಮ್ಲಜನಕದ ಅಂಕೆ ಇಳಿಯುತ್ತಿತ್ತು.

ಮಾರ್ಫಿನ್ ವಿಷಯದಲ್ಲಿ ನಿಮ್ಮ ಭಯಕ್ಕೆ ಆಧಾರವಿದೆ. ಆಕ್ಸ್‌ಫರ್ಡ್‌ನಲ್ಲಿ ಇದೇ ಕಣ್ಣಿನ ತಪಾಸಣೆಗೆ ಮುನ್ನ ಬಾಯಿಯ ಮೂಲಕ ಮಾರ್ಫಿನ್ ಕೊಟ್ಟು ನೋಡಿದ ಪ್ರಯೋಗವನ್ನು, ಉಸಿರಾಟದ ತೊಂದರೆಗಳು ಕಂಡುಬಂದದ್ದರಿಂದ, 31 ಶಿಶುಗಳು ಸೇರುವಷ್ಟರಲ್ಲೇ ನಿಲ್ಲಿಸಬೇಕಾಯಿತು. ನೋವು ಕಡಿಮೆಯಾದ ಲಕ್ಷಣವೂ ಕಾಣಲಿಲ್ಲವೆಂದು 2018ರಲ್ಲಿ ಪ್ರಕಟವಾದ ಅದರ ವರದಿ ಹೇಳುತ್ತದೆ. ಹಾಗೆಂದು ಬಲವಾದ ಔಷಧಿಗಳೆಲ್ಲ ಕೆಟ್ಟವೆಂದು ಭಾವಿಸಬೇಡಿ. ಇಂದೋರಿನಲ್ಲಿ ವೈದ್ಯಕೀಯ ಓದಿದ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು, ಹೃದಯದ ಬಳಿಯ ನಾಳ ಮುಚ್ಚುವ ಶಸ್ತ್ರಚಿಕಿತ್ಸೆಯಲ್ಲಿ ಫೆಂಟನಿಲ್ ಎಂಬ ಬಲವಾದ ನೋವುನಿವಾರಕ ಪಡೆದ ಅವಧಿಪೂರ್ವ ಶಿಶುಗಳೇ ಹೆಚ್ಚು ಸ್ಥಿರವಾಗಿದ್ದವೆಂದು 1987ರಲ್ಲಿ ತೋರಿಸಿಕೊಟ್ಟರು. ಅಲ್ಲಿಯವರೆಗೆ ಇಂಥ ಮಕ್ಕಳಿಗೆ ನೋವೇ ತಿಳಿಯದೆಂದು ನಂಬಿದ್ದ ವೈದ್ಯರು ಬಹಳ ಮಂದಿ ಇದ್ದರು! ಶಸ್ತ್ರಚಿಕಿತ್ಸೆಯ ಲೆಕ್ಕವೇ ಬೇರೆ, ತಪಾಸಣೆಯ ಲೆಕ್ಕವೇ ಬೇರೆ.

ಆದ್ದರಿಂದ ಮಾರ್ಫಿನ್ ಮಾತನ್ನು ಬಿಟ್ಟು, ಕಣ್ಣು ಮರಗಟ್ಟಿಸುವ ಹನಿ ಹಾಕುತ್ತಾರೆಯೇ, ಸುಮಾರು ಎರಡು ನಿಮಿಷ ಮೊದಲು ಅಳತೆಯ ಸುಕ್ರೋಸ್ (ಸಕ್ಕರೆ) ದ್ರಾವಣವನ್ನೋ ಎದೆಹಾಲನ್ನೋ ನಾಲಿಗೆಗೆ ಹಾಕುತ್ತಾರೆಯೇ, ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕೈಕಾಲು ಮಡಚಿ ಹಿಡಿಯಲು ನಿಮಗೆ ಅವಕಾಶ ಕೊಡುತ್ತಾರೆಯೇ ಎಂದು ಕೇಳಿ. ಇವೆಲ್ಲ ಸೇರಿದರೂ ಕಣ್ಣಿನ ತಪಾಸಣೆಯ ನೋವು ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ಸಕ್ಕರೆ ನೀರನ್ನು ನೀವೇ ಕಲಸಿ ಕುಡಿಸಲು ಹೋಗಬೇಡಿ, ಬಾಯಿಯಿಂದ ಏನೂ ಕೊಡಬಾರದೆಂದಿದ್ದರೆ ಹನಿ ಹಾಲಿಗೂ ವೈದ್ಯರ ಒಪ್ಪಿಗೆ ಬೇಕು. ಮಗು ಸ್ವಲ್ಪ ಬಲಿಯಲಿ, ಆಮೇಲೆ ತೋರಿಸೋಣ ಎಂದು ಮನೆಯ ಹಿರಿಯರು ಹೇಳಿದರೆ ಒಪ್ಪಬೇಡಿ: ಆರ್‌ಒಪಿ ಕೆಲವೇ ವಾರಗಳಲ್ಲಿ ಅಕ್ಷಿಪಟಲವನ್ನು ಕಳಚಬಲ್ಲದು.