ಮೂಗು ತಿದ್ದಿಸಿಕೊಳ್ಳುವ ಮುನ್ನ

ಪ್ರಶ್ನೆ: ನನಗೆ 22 ವರ್ಷ. ಮೂಗಿನ ಮೇಲೆ ಒಂದು ಉಬ್ಬಿದೆ. ಸೆಲ್ಫಿ ತೆಗೆದರೆ ಮುಖದಲ್ಲಿ ಮೂಗೊಂದೇ ಕಾಣುತ್ತದೆ. ರಾತ್ರಿ ಹೊತ್ತು ಎಡ ಹೊಳ್ಳೆ ಕಟ್ಟಿಕೊಳ್ಳುತ್ತದೆ, ಅದು ಬೇರೆ ವಿಷಯ. ಕನ್ನಡಕ ಹಾಕುತ್ತೇನೆ. ಮೂರು ತಿಂಗಳಿಗೆ ಅಣ್ಣನ ಮದುವೆ. ಅಷ್ಟರೊಳಗೆ ಮೂಗಿನ ಆಪರೇಷನ್ ಮಾಡಿಸಿಕೊಳ್ಳಬಹುದೇ? ಅಮ್ಮ ಬೇಡ ಅನ್ನುತ್ತಾರೆ.

ಉತ್ತರ: ‘ಅದು ಬೇರೆ ವಿಷಯ’ ಅಂದಿರಲ್ಲ, ನನಗೆ ಅದೇ ಮೊದಲ ವಿಷಯ. ಒಂದೇ ಕಡೆ ಮೂಗು ಕಟ್ಟುತ್ತಿದ್ದರೆ ಒಳಗಿನ ನಡುಗೋಡೆ ಸೊಟ್ಟಗಿರಬಹುದು. ಅಲರ್ಜಿಯಿಂದ ಒಳಗೆ ಊದಿಕೊಂಡಿರಲೂಬಹುದು, ಅದಕ್ಕೆ ಸ್ಪ್ರೇ ಸಾಕಾದೀತು. ಇದನ್ನು ನೋಡದೆ ಹೊರಗಿನ ಉಬ್ಬನ್ನಷ್ಟೇ ಕೆರೆದು ತೆಗೆದರೆ ಗಾಳಿ ಹೋಗುವ ದಾರಿ ಇನ್ನೂ ಕಿರಿದಾಗಬಹುದು. ಆಮೇಲೆ ಚೆಂದದ ಮೂಗಿಟ್ಟುಕೊಂಡು ಬಾಯಲ್ಲಿ ಉಸಿರಾಡಬೇಕು. ಗೋಡೆ ಸೊಟ್ಟಗಿದ್ದರೆ ಎರಡನ್ನೂ ಒಂದೇ ಸಲಕ್ಕೆ ಸರಿಮಾಡಬಹುದು. ಗೋಡೆಯಿಂದ ತೆಗೆದ ಮೆದು ಮೂಳೆ ಮೂಗಿನ ತುದಿಗೆ ಆಸರೆಯಾಗಿ ಉಪಯೋಗಕ್ಕೂ ಬರುತ್ತದೆ.

ಸೆಲ್ಫಿಯನ್ನು ಮಾತ್ರ ನಂಬಬೇಡಿ. 2018ರಲ್ಲಿ ಅಮೆರಿಕದ ವೈದ್ಯರು ಇದನ್ನು ಲೆಕ್ಕ ಹಾಕಿ ತೋರಿಸಿದರು. 5 ಅಡಿ ದೂರದಿಂದ ತೆಗೆದ ಫೋಟೊಗಿಂತ 12 ಇಂಚಿನಿಂದ ತೆಗೆದ ಫೋಟೊದಲ್ಲಿ ಮೂಗು ಸುಮಾರು 30% ಅಗಲವಾಗಿ ಕಾಣುತ್ತದಂತೆ. ಮೊಬೈಲನ್ನು ಬೇರೆಯವರ ಕೈಗೆ ಕೊಟ್ಟು, ಐದಾರು ಅಡಿ ದೂರದಿಂದ, ಮುಂದಿನಿಂದಲೂ ಪಕ್ಕದಿಂದಲೂ ತೆಗೆಸಿಕೊಳ್ಳಿ. ಉಬ್ಬು ಆಗಲೂ ಬೇಸರ ತರಿಸಿದರೆ ಮಾತಾಡೋಣ. ಪಕ್ಕದ ಫೋಟೊದಲ್ಲಿ ಗದ್ದವನ್ನೂ ನೋಡಿ. ಗದ್ದ ಹಿಂದಕ್ಕಿದ್ದರೆ ಸಾಧಾರಣ ಮೂಗೂ ದೊಡ್ಡದಾಗಿ ಕಾಣುತ್ತದೆ.

ಮದುವೆಗೆ ಮುಂಚೆ? ಬೇಡ. ಮೂಗಿನ ಮೇಲಿನ ಪಟ್ಟಿ ಸುಮಾರು ಒಂದು ವಾರಕ್ಕೆ ಬಿಚ್ಚುತ್ತಾರೆ, ಕಣ್ಣಿನ ಸುತ್ತ ಕಪ್ಪಾಗಿದ್ದು ಎರಡು ವಾರದಲ್ಲಿ ಇಳಿಯುತ್ತದೆ. ಆದರೆ ಒಳಗಿನ ಊತ ಅಷ್ಟು ಬೇಗ ಹೋಗುವುದಿಲ್ಲ. ತುದಿಯ ನಿಜವಾದ ಆಕಾರ ಕಾಣಲು ಒಂದು ವರ್ಷ ಬೇಕು, ಚರ್ಮ ದಪ್ಪವಿದ್ದರೆ ಇನ್ನೂ ಜಾಸ್ತಿ. ಮೂರು ತಿಂಗಳಿಗೆ ನೀವು ನೋಡುವುದು ಅರ್ಧ ಆದ ಮೂಗು. ‘ಯಾಕೋ ಸರಿ ಬಂದಿಲ್ಲ’ ಅಂತ ಅಳುತ್ತಾ ಬರುವವರು ಹೆಚ್ಚಾಗಿ ಆ ಹೊತ್ತಿಗೇ ಬರುತ್ತಾರೆ. ಕೆಲವರಿಗೆ ಎರಡನೇ ಆಪರೇಷನ್ ಬೇಕಾಗುವುದೂ ಉಂಟು. ಅದಕ್ಕೂ ಸಾಮಾನ್ಯವಾಗಿ ಒಂದು ವರ್ಷ ಕಾಯಿಸುತ್ತೇವೆ.

ಕನ್ನಡಕದ ಭಾರವೂ ನಾಲ್ಕರಿಂದ ಆರು ವಾರ ಮೂಗಿನ ಮೇಲೆ ಬೀಳಬಾರದು. ಲೆನ್ಸ್ ಅಭ್ಯಾಸ ಮಾಡಿಕೊಳ್ಳುವುದಿದ್ದರೆ ಮೊದಲೇ ಮಾಡಿಕೊಳ್ಳಿ. ಸಿಗರೇಟು ಸೇದುವವರಾದರೆ ತಿಂಗಳ ಮೊದಲೇ ಬಿಡಬೇಕು, ಇಲ್ಲದಿದ್ದರೆ ಗಾಯ ಸರಿಯಾಗಿ ಮಾಯುವುದಿಲ್ಲ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ವೈದ್ಯರಿಗೆ ಹೇಳಿ. ಆಸ್ಪಿರಿನ್‌ನಂಥವು ರಕ್ತಸ್ರಾವ ಹೆಚ್ಚಿಸುತ್ತವೆ.

ವೈದ್ಯರನ್ನು ಆರಿಸುವಾಗ ಅವರು ಮಾಡಿದ ಮೂಗುಗಳ ಒಂದು ವರ್ಷದ ನಂತರದ ಫೋಟೊ ಕೇಳಿ, ತಿಂಗಳದ್ದಲ್ಲ. ಕಂಪ್ಯೂಟರಿನಲ್ಲಿ ತಿದ್ದಿ ತೋರಿಸುವ ಮುಖ ಬರೀ ಅಂದಾಜು. ‘ಹೀಗೇ ಬರುತ್ತೆ’ ಅಂತ ಮಾತು ಕೊಡುವವರಿದ್ದರೆ ಸುಮ್ನೆ ಎದ್ದು ಬನ್ನಿ. ‘ಉಬ್ಬು ಇಳಿಯಬೇಕು’ ಅಂದರೆ ನಮಗೆ ಕೆಲಸ ಗೊತ್ತಾಗುತ್ತದೆ. ‘ಚೆನ್ನಾಗಿ ಕಾಣಬೇಕು’ ಅಂದರೆ ಏನು ಮಾಡಬೇಕೋ ತಿಳಿಯುವುದಿಲ್ಲ. ದಿನಕ್ಕೆ ಹತ್ತಾರು ಸಲ ಕನ್ನಡಿ ನೋಡಿ, ಮೂಗಿಗೆ ಹೆದರಿ ಮನೆಯಿಂದ ಹೊರಗೇ ಹೋಗದವರನ್ನು ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಅವರ ಕಷ್ಟ ಚಾಕುವಿಗೆ ಸಿಗುವಂಥದ್ದಲ್ಲ.

ನನ್ನ ಮೂಗೂ ಸೊಟ್ಟವೇ. ಹದಿಮೂರನೇ ವಯಸ್ಸಿನಲ್ಲಿ ಚೆಂಡು ಬಡಿದು ಬಲಕ್ಕೆ ವಾಲಿದ್ದು ಹಾಗೇ ಇದೆ. ‘ಡಾಕ್ಟ್ರೇ, ನೀವ್ಯಾಕೆ ಮಾಡಿಸಿಕೊಂಡಿಲ್ಲ?’ ಅಂತ ರೋಗಿಗಳು ಕೇಳುತ್ತಾರೆ. ಉಸಿರಾಟ ಸರಿ ಇದೆ, ನನಗೆ ಬೇಸರವಿಲ್ಲ, ಅಷ್ಟೇ. ನಿಮಗೆ ಬೇಸರವಿದ್ದರೆ ಮಾಡಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಮೊದಲ ಭೇಟಿಗೆ ಅಮ್ಮನನ್ನೂ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳನ್ನು ಅವರೇ ಕೇಳಲಿ. ಹೇಗೂ ಆಪರೇಷನ್ ಆದ ಮೊದಲ ಕೆಲವು ರಾತ್ರಿ ನೀವು ತಲೆ ಎತ್ತರಿಸಿ ಮಲಗಿರುವಾಗ ಪಕ್ಕದಲ್ಲಿ ಒಬ್ಬರು ಬೇಕಾಗುತ್ತಾರೆ.